ಹಬ್ಬದ ದಿನ ಹೋಟೆಲ್ ಊಟ

ಯುಗಾದಿಯಂದು ಮನೆಯಲ್ಲಿ ಅಡುಗೆ ಮಾಡದೆ ಹೋಟೆಲಿಗೆ ಹೋಗಬಹುದೇ? ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆಯಿದು. ‘ಮನೆಗೆ ಲಕ್ಷಣವಲ್ಲ’ ಎನ್ನುವವರೂ ಇದ್ದಾರೆ, ‘ಜಾಗ ಸಿಕ್ಕರೆ ಸಾಕು’ ಎನ್ನುವವರೂ ಇದ್ದಾರೆ.

ಕಣಕ ನಾದಿ, ಹೂರಣ ರುಬ್ಬಿ, ಒಬ್ಬಟ್ಟು ತಟ್ಟಿ, ಕಟ್ಟಿನ ಸಾರು ಕುದಿಸಿ, ಮಾವಿನಕಾಯಿ ಚಿತ್ರಾನ್ನ ಕಲಸುವ ಹೊತ್ತಿಗೆ ಹಬ್ಬ ಉಳಿದವರದು, ಸೊಂಟನೋವು ನಮ್ಮದು. ಒಂದು ವರ್ಷ ಸೌಟು ಕೆಳಗಿಟ್ಟರೆ ಪಾಪವೇನಿಲ್ಲ. ಬೇವುಬೆಲ್ಲ ಮನೆಯಲ್ಲಿ ಹಂಚಿಕೊಂಡು ಹೊರಗೆ ಉಂಡರೆ ಯುಗಾದಿಗೆ ಕುಂದೂ ಬಾರದು.

ಆದರೆ ನಾವು ಕೆಳಗಿಟ್ಟ ಸೌಟನ್ನು ಎತ್ತಿಕೊಂಡವರು ಯಾರು? ಸಣ್ಣ ಹೋಟೆಲುಗಳು ಅಂದು ಬಾಗಿಲು ಹಾಕಿರುತ್ತವೆ. ತೆರೆದಿರುವ ಒಂದೆರಡರ ಮುಂದೆ ಊರೇ ಸಾಲು ನಿಂತಿರುತ್ತದೆ. ಒಳಗೆ ಒಲೆಯ ಮುಂದೆ ಬೇಯುವ ಅಡುಗೆಯವರಿಗೂ, ಎಲೆ ಎತ್ತುವ ಹೆಂಗಸಿಗೂ ಮನೆಯಿದೆ. ಅಲ್ಲಿಯೂ ಮಕ್ಕಳು ದಾರಿ ಕಾಯುತ್ತಾರೆ. ಹಬ್ಬದ ರಜೆಯಂದು ದುಡಿದವರಿಗೆ ಇಮ್ಮಡಿ ಸಂಬಳ, ಇಲ್ಲವೇ ಸಂಬಳದ ಜೊತೆ ಬದಲಿ ರಜೆ ಕೊಡಬೇಕೆಂದು ನಮ್ಮ ರಾಜ್ಯದ 1963ರ ಕಾನೂನು ಹೇಳುತ್ತದೆ. ಕಾಗದದ ಮಾತು ಅಡುಗೆಮನೆಯವರೆಗೆ ತಲುಪಿದೆಯೇ ಎಂದು ಉಣ್ಣುವವರು ಕೇಳುವುದು ಅಪರೂಪ.

ಮನೆಯ ಸೌಟಿಗಂತೂ ಬದಲಿ ರಜೆ ಕೊಡುವ ಕಾನೂನೇ ಇಲ್ಲ. ಆದ್ದರಿಂದಲೇ ಅವರ ದಣಿವು ಎಲ್ಲರಿಗಿಂತ ಮೊದಲು ನಮಗೆ ಅರ್ಥವಾಗಬೇಕು. ಬಡಿಸುವುದು ತಡವಾದರೆ ಗದರುವುದು ಬೇಡ. ಎಲೆಯಲ್ಲಿ ಬಿಟ್ಟು ಏಳುವುದೂ ಬೇಡ. ಹಣ ಕೊಡುವಾಗ, ‘ಇವರಿಗೆ ರಜೆ ಯಾವತ್ತು ಸ್ವಾಮಿ?’ ಎಂದು ಒಂದು ಮಾತು ಕೇಳೋಣ. ಮಾಲೀಕರಿಗೆ ಇರುಸುಮುರುಸಾದರೆ ಆಗಲಿ. ನಮಗೆ ಸಿಕ್ಕ ಬಿಡುವು ಇನ್ನೊಬ್ಬರಿಂದ ಕಿತ್ತುಕೊಂಡದ್ದಾಗಬಾರದು.