ಧೂಳಿನ ನಡುವಿನ ಎಳೆಯ ನಕ್ಷತ್ರ



ಬರುವ ಬುಧವಾರ ಗುರುಗಳು ನಮ್ಮ ಹಣೆಗೆ ಬೂದಿ ಹಚ್ಚಿ, ನಾವು ಮಣ್ಣಿನಿಂದ ಬಂದವರು, ಮಣ್ಣಿಗೇ ಮರಳುವವರು ಎಂದು ನೆನಪಿಸುತ್ತಾರೆ. ಚಿಕ್ಕವನಿದ್ದಾಗ ಆ ಮಾತು ಕೇಳಿದರೆ ನನಗೆ ಭಯ. ಬಿ.ಎಸ್ಸಿ. ಓದುವಾಗ ಒಂದು ನಕ್ಷತ್ರದ ಬಗ್ಗೆ ತಿಳಿದ ಮೇಲೆ ಧೂಳು ಎಂಬ ಪದವೇ ನನಗೆ ಬೇರೆಯಾಗಿ ಕೇಳತೊಡಗಿತು. ಯುವಜನರ ಪುಟಕ್ಕೆ ತಪಸ್ಸುಕಾಲದ ಚಿಂತನೆ ಬರೆದುಕೊಡು ಎಂದು ಗುರುಗಳು ಹೇಳಿದಾಗ ಮೊದಲು ನೆನಪಾದದ್ದು ಅದೇ.

ಈಗ ಸಂಜೆ ಪೂಜೆ ಮುಗಿಸಿ ಹೊರಗೆ ಬಂದು ತಲೆಯೆತ್ತಿದರೆ ಕೃತ್ತಿಕೆಯ ಗೊಂಚಲೂ ಕೆಂಪಗಿನ ರೋಹಿಣಿಯೂ ಕಾಣುತ್ತವೆ. ಯೋಬನ ಗ್ರಂಥದಲ್ಲಿ ದೇವರು ಯೋಬನನ್ನು ಪ್ರಶ್ನಿಸುವಾಗ ಎತ್ತಿಕೊಳ್ಳುವುದು ಇದೇ ಕೃತ್ತಿಕೆಯ ಹೆಸರನ್ನು. ಎರಡರ ನಡುವೆ, ರೋಹಿಣಿಯ ಕಡೆಗೆ, ಬರಿಗಣ್ಣಿಗೆ ಕಾಣದ ಒಂದು ನಕ್ಷತ್ರವಿದೆ. ಹೆಸರು ಟಿ ಟೌರಿ. ದೂರ ಸುಮಾರು 470 ಜ್ಯೋತಿರ್ವರ್ಷ. ಇಂದು ನಮ್ಮನ್ನು ತಲುಪುವ ಅದರ ಬೆಳಕು ಅಲ್ಲಿಂದ ಹೊರಟದ್ದು ಸಂತ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡ 1552ರ ಆಸುಪಾಸಿನಲ್ಲಿ.

1852ರ ಅಕ್ಟೋಬರ್ 11ರಂದು ಲಂಡನ್ನಿನಲ್ಲಿ ಜಾನ್ ರಸೆಲ್ ಹೈಂಡ್ ಎಂಬವರು ದೂರದರ್ಶಕದಲ್ಲಿ ಇದನ್ನು ಕಂಡರು. ಪಕ್ಕದಲ್ಲೇ ಮಂಜಿನ ತುಣುಕಿನಂಥ ಒಂದು ನೀಹಾರಿಕೆಯೂ ಇತ್ತು. ಒಂಬತ್ತೇ ವರ್ಷ. 1861ರಲ್ಲಿ ಡಾರೆಸ್ಟ್ ಎಂಬ ಖಗೋಳಜ್ಞರು ನೋಡಿದಾಗ ನೀಹಾರಿಕೆ ಅಲ್ಲಿರಲಿಲ್ಲ. 1868ರ ಹೊತ್ತಿಗೆ ದೊಡ್ಡ ದೊಡ್ಡ ದೂರದರ್ಶಕಗಳಿಗೂ ಸಿಗಲಿಲ್ಲ. ಆಕಾಶದಲ್ಲಿ ಒಂದು ವಸ್ತು ಕಳೆದುಹೋಗುವುದೆಂದರೆ! ಆದರೂ 1888ರಲ್ಲಿ ಡ್ರೇಯರ್ ಅವರು ನೀಹಾರಿಕೆಗಳ ದೊಡ್ಡ ಪಟ್ಟಿ ಪ್ರಕಟಿಸಿದಾಗ ಇದನ್ನು ಬಿಡಲಿಲ್ಲ. ಕಣ್ಣಿಗೆ ಕಾಣದ ಅದಕ್ಕೆ 1555ನೆಯ ಸಂಖ್ಯೆ ಕೊಟ್ಟು ಬರೆದಿಟ್ಟರು. ಎರಡು ವರ್ಷ ಕಳೆದು, 1890ರಲ್ಲಿ, ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ 36 ಅಂಗುಲದ ದೂರದರ್ಶಕಕ್ಕೆ ಅದು ಮತ್ತೆ ಸಿಕ್ಕಿತು, ತೀರಾ ಮಂಕಾಗಿ.

ಆ ಪಟ್ಟಿಯ ವಿಷಯ ಓದಿದಾಗ ನನಗೆ ನಾಚಿಕೆಯಾಯಿತು. ನನ್ನ ಬಳಿಯೂ ಒಂದು ಪಟ್ಟಿಯಿದೆ: ಯುವಜನ ಸಂಘದ ಹಾಜರಿ ಪುಸ್ತಕ. ನಮ್ಮ ಧರ್ಮಕೇಂದ್ರದಲ್ಲಿ ತಮಿಳು ಪೂಜೆಗೆ ಜಾಗ ಸಾಲದು. ಕನ್ನಡ ಪೂಜೆಗೆ ಬರುವ ಹುಡುಗ ಹುಡುಗಿಯರು ಎರಡು ಬೆಂಚು. ಅದರಲ್ಲಿ ಒಬ್ಬ ಹನ್ನೊಂದು ವಾರ ಬರಲಿಲ್ಲ. ತಮಿಳು ಪೂಜೆಗೆ ಹೋಗುತ್ತಿರಬೇಕು ಎಂದರು ಒಬ್ಬರು, ಪ್ರಾರ್ಥನೆಯನ್ನೇ ಬಿಟ್ಟಿದ್ದಾನೆ ಎಂದರು ಇನ್ನೊಬ್ಬರು. ನಾನು ಯಾರನ್ನೂ ವಿಚಾರಿಸದೆ ಜನವರಿಯಲ್ಲಿ ಸ್ಕೇಲ್ ಇಟ್ಟು ಅವನ ಹೆಸರಿನ ಮೇಲೆ ಗೆರೆ ಎಳೆದೆ. ಸ್ಕೇಲ್ ಇಟ್ಟು ಎಳೆದದ್ದು ಇವತ್ತಿಗೂ ಚುಚ್ಚುತ್ತದೆ.

ನೀಹಾರಿಕೆ ಎಲ್ಲಿಗೆ ಹೋಗಿತ್ತು? ಎಲ್ಲಿಗೂ ಹೋಗಿರಲಿಲ್ಲ. ಅದಕ್ಕೆ ಸ್ವಂತ ಬೆಳಕಿಲ್ಲ. ಟಿ ಟೌರಿಯ ಬೆಳಕು ಬಿದ್ದಾಗ ಮಾತ್ರ ಕಾಣುತ್ತದೆ. ನಕ್ಷತ್ರದ ಸುತ್ತ ಧೂಳಿನ ಮೋಡಗಳಿವೆ. ಅವು ಅಡ್ಡ ಬಂದರೆ ನೀಹಾರಿಕೆಯ ಮೇಲೆ ನೆರಳು ಬೀಳುತ್ತದೆ. ನಕ್ಷತ್ರದ ಬೆಳಕೂ ಒಂದೇ ಸಮನಿಲ್ಲ, ಏರುತ್ತದೆ, ಇಳಿಯುತ್ತದೆ. 1945ರಲ್ಲಿ ಆಲ್‌ಫ್ರೆಡ್ ಜಾಯ್ ಅವರು ಇಂಥ 11 ನಕ್ಷತ್ರಗಳನ್ನು ಒಂದು ಗುಂಪು ಮಾಡಿ ಇದರ ಹೆಸರನ್ನೇ ಇಟ್ಟರು. ಇವೆಲ್ಲ ಎಳೆಯ ನಕ್ಷತ್ರಗಳು, ಅದಕ್ಕೇ ಈ ಚಂಚಲತೆ ಎಂದು ಗೊತ್ತಾದದ್ದು ಆಮೇಲೆ. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ. ಸೂರ್ಯನನ್ನು ಅರವತ್ತರ ಹಿರಿಯರೆಂದುಕೊಂಡರೆ ಟಿ ಟೌರಿ ಹುಟ್ಟಿ ಕೆಲವೇ ದಿನಗಳಾದ ಕೂಸು. ಸೂರ್ಯನಂತೆ ಒಡಲೊಳಗೆ ಜಲಜನಕವನ್ನು ಉರಿಸುವುದು ಅದಕ್ಕೆ ಇನ್ನೂ ಬಂದಿಲ್ಲ. ತನ್ನದೇ ಭಾರಕ್ಕೆ ಕುಗ್ಗುತ್ತಾ, ಆ ಒತ್ತಡದ ಬಿಸಿಯಿಂದಲೇ ಬೆಳಗುತ್ತಿದೆ. ನಮ್ಮ ಸೂರ್ಯನೂ ಈ ಪ್ರಾಯವನ್ನು ದಾಟಿ ಬಂದವನೇ. ಅಂದು ಅವನ ಸುತ್ತ ಸುತ್ತುತ್ತಿದ್ದ ಧೂಳಿನಿಂದಲೇ ಈ ಭೂಮಿ ಆಯಿತು, ನಮ್ಮ ಹಣೆಯ ಬೂದಿಯೂ ಆಯಿತು.

ಬೂದಿಗಾಗಿ ಹೋದ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಮನೆ ಮನೆಯಿಂದ ಸಂಗ್ರಹಿಸುವ ಕೆಲಸ ನಮ್ಮ ಸಂಘದ್ದು. ಹಾಗೆ ಆ ಹುಡುಗನ ಮನೆಗೂ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆ. ಮುಸುಕು ಹಾಕಿಕೊಂಡು ಮಲಗಿದ್ದ. "ಹೊಸೂರಿನ ಫ್ಯಾಕ್ಟರೀಲಿ ನೈಟ್ ಶಿಫ್ಟ್ ಕಣಪ್ಪ, ಭಾನುವಾರವೂ ಬಿಡಲ್ಲ" ಎಂದರು ತಾಯಿ. ಶಿಲುಬೆಯ ಹಿಂದೆ ಸಿಕ್ಕಿಸಿದ್ದ ಗರಿಯನ್ನು ತೆಗೆದು, ಒಂದು ಕ್ಷಣ ಯೋಚಿಸಿ, ಅರ್ಧ ಮುರಿದು ಕೊಟ್ಟರು. "ಪೂರ್ತಿ ಕೊಟ್ರೆ ಬೈತಾನೆ. ದಿನಾ ಕೆಲಸಕ್ಕೆ ಹೋಗೋವಾಗ ಇದನ್ನ ಕಣ್ಣಿಗೊತ್ಕೊಂಡೇ ಹೋಗೋದು."

ಟಿ ಟೌರಿಯ ಪಕ್ಕದಲ್ಲಿ ಒಬ್ಬ ಜೊತೆಗಾರನೂ ಇದ್ದಾನೆ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಕಾಣಲಿಲ್ಲ, ಧೂಳು ಅಷ್ಟು ದಟ್ಟ. 1980ರ ದಶಕದ ಆರಂಭದಲ್ಲಿ ಶಾಖವನ್ನು ಹಿಡಿಯುವ ಅವಕೆಂಪು ಉಪಕರಣಗಳಿಂದ ನೋಡಿದಾಗ ಗೊತ್ತಾಯಿತು. ಹೊಗೆ ತುಂಬಿದ ಅಡುಗೆಮನೆಯಲ್ಲಿ ಒಲೆ ಕಾಣದಿದ್ದರೂ ಅಂಗೈ ಚಾಚಿದರೆ ಬಿಸಿ ತಾಕುತ್ತದಲ್ಲ, ಹಾಗೆ. (ಆ ಜೊತೆಗಾರನೂ ಒಬ್ಬನಲ್ಲ, ಇಬ್ಬರು ಎಂದು ಮತ್ತೆ ತಿಳಿಯಿತು!)

ಸತ್ಯವೇದದಲ್ಲಿ ಧೂಳಿನ ಮಾತು ಬರುವುದು ಹೆದರಿಸಲಿಕ್ಕೆ ಮಾತ್ರವಲ್ಲ. 103ನೆಯ ಕೀರ್ತನೆಯನ್ನು ಈ ವಾರ ಮನೆಯಲ್ಲಿ ಓದಿ ನೋಡಿ. ತಂದೆ ಮಕ್ಕಳಿಗೆ ಮರುಗುವಂತೆ ದೇವರು ನಮಗೆ ಮರುಗುತ್ತಾರೆ; ಏಕೆಂದರೆ ನಾವು ಎಂಥ ಧೂಳೆಂದು ಅವರಿಗೆ ನೆನಪಿದೆ. ನಾನು ಗೆರೆ ಎಳೆದ ಕಾರಣಕ್ಕೇ ಅವರು ಕನಿಕರಿಸುತ್ತಾರೆ.

ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಮತ್ತೆ ಬರೆದಿದ್ದೇನೆ. ಇದನ್ನೆಲ್ಲ ಅವನ ಒಪ್ಪಿಗೆ ಕೇಳಿಯೇ ಬರೆದದ್ದು. ಮಂಗಳವಾರ ಸಂಜೆ ಗರಿ ಸುಡುತ್ತೇವೆ, ಅವರ ಮನೆಯ ಅರ್ಧ ಗರಿಯೂ ಅದರಲ್ಲಿದೆ. ಶುಕ್ರವಾರ ಶಿಲುಬೆಯ ಹಾದಿ ಮುಗಿದ ಮೇಲೆ ದೇವಾಲಯದ ಅಂಗಳದ ದೀಪಗಳನ್ನು ಆರಿಸಿ ರೋಹಿಣಿ, ಕೃತ್ತಿಕೆಗಳನ್ನು ತೋರಿಸುತ್ತೇನೆ. ಟಿ ಟೌರಿ ಕಾಣುವುದಿಲ್ಲ, ಅದಿರುವ ಜಾಗವನ್ನು ತೋರಿಸುತ್ತೇನೆ. ತಮಿಳು ಪೂಜೆಯವರೂ ಬರಲಿ. ಆ ವಾರ ಅವನಿಗೆ ಹಗಲು ಶಿಫ್ಟ್ ಅಂತೆ.