ಎಲ್ಲಿಯವರೆಗೆ ಸರಿಯಿದೆ?

ನಾವು ದಿನವೂ ಬಳಸುವ ಯಂತ್ರಗಳಲ್ಲಿ ಹೆಚ್ಚಿನವು ಈಗ ಮುಚ್ಚಿದ ಪೆಟ್ಟಿಗೆಗಳು. ಮೊಬೈಲಿನ ಬೆನ್ನು ಬಿಚ್ಚಲು ಬರುವುದಿಲ್ಲ. ಟಿ.ವಿ. ಕೆಟ್ಟರೆ ಪ್ಯಾನೆಲ್ಲನ್ನೇ ಬದಲಿಸಿ ಎನ್ನುತ್ತಾರೆ. ಇವುಗಳ ನಡುವೆ ಡೆಸ್ಕ್‌ಟಾಪ್ ಕಂಪ್ಯೂಟರ್ ಒಂದು ಮಾತ್ರ ಇನ್ನೂ ನಮ್ಮ ಕೈಗೆ ಸಿಗುವಂತೆ ಉಳಿದಿದೆ. ಬೇಕಾದ ಬಿಡಿಭಾಗಗಳನ್ನು ನೋಡಿ ಆರಿಸಿ ತಂದು, ಒಂದು ಸ್ಕ್ರೂಡ್ರೈವರ್ ಹಿಡಿದು ಊಟದ ಮೇಜಿನ ಮುಂದೆ ಕೂತರೆ, ಎಂಜಿನಿಯರಿಂಗ್ ಓದದವರೂ ಅದನ್ನು ಜೋಡಿಸಬಲ್ಲರು. ದುಡ್ಡು ಉಳಿಯುತ್ತದೆಂದು ಕೆಲವರು ಈ ಕೆಲಸಕ್ಕೆ ಕೈ ಹಾಕುತ್ತಾರೆ. ಉಳಿಯಬಹುದು, ಉಳಿಯದೆಯೂ ಇರಬಹುದು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಆಯ್ದುಕೊಳ್ಳುವುದು ಹೇಗೆ, ನಡೆಯದೆ ನಿಂತಾಗ ಕಾರಣ ಹುಡುಕುವುದು ಹೇಗೆ ಎಂಬ ಎರಡು ಪಾಠಗಳನ್ನು ಈ ಕೆಲಸ ಕೈಹಿಡಿದು ಕಲಿಸುತ್ತದೆ. ನಮ್ಮ ದಿನಗಳ ಬಹುಪಾಲು ಹೋಗುವುದೂ ಈ ಎರಡಕ್ಕೇ.

ಆಯ್ಕೆಯ ಮಾತನ್ನೇ ಮೊದಲು ನೋಡೋಣ. ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟಾದ ಅಂಗಡಿಗಳಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಸಾಮಾನು ಮಾರಿದ ಅನುಭವಿಗಳಿದ್ದಾರೆ. ಗಿರಾಕಿ ಬಂದು ಕೂತು, ಇಂಥ ಪ್ರೊಸೆಸರ್ ಬೇಕು, ಇಷ್ಟು ಜಿ.ಬಿ. ರ‍್ಯಾಮ್ ಬೇಕು ಎಂದು ಪಟ್ಟಿ ಹೇಳತೊಡಗಿದರೆ, ಅವರಲ್ಲಿ ಒಳ್ಳೆಯವರು ಪಟ್ಟಿಯನ್ನು ಪಕ್ಕಕ್ಕಿಟ್ಟು ಕೇಳುತ್ತಾರೆ: “ಏನ್ ಕೆಲಸಕ್ಕೆ ಸರ್ ಕಂಪ್ಯೂಟರ್?” ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವವರು ಕಡಿಮೆ. ಪಕ್ಕದ ಮನೆಯವರ ಹತ್ತಿರ ಏನಿದೆ ಎಂಬುದು ನಮಗೆ ಗೊತ್ತಿರುತ್ತದೆ, ಜಾಹೀರಾತಿನಲ್ಲಿ ಏನು ಬಂತು ಎಂಬುದೂ ಗೊತ್ತಿರುತ್ತದೆ. ನಮಗೇನು ಬೇಕು ಎಂದು ಕೂತು ಯೋಚಿಸಿರುವುದಿಲ್ಲ.

ಉತ್ತರ ಸ್ಪಷ್ಟವಾದರೆ ಅರ್ಧ ಪಟ್ಟಿ ತಾನಾಗಿಯೇ ತಯಾರಾಗುತ್ತದೆ. ಲೆಕ್ಕಪತ್ರ, ಕನ್ನಡ ಟೈಪಿಂಗ್, ಮಕ್ಕಳ ಓದು ಇಷ್ಟೇ ಇದ್ದರೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು, ಬೇರೆ ಕಾರ್ಡಿನ ಖರ್ಚೇ ಇಲ್ಲ. ಮದುವೆ ವಿಡಿಯೊ ಎಡಿಟ್ ಮಾಡಿ ಜೀವನ ಸಾಗಿಸುವವರಿಗೆ ಹೆಚ್ಚು ರ‍್ಯಾಮ್ ಬೇಕು, ದೊಡ್ಡ ಎಸ್‌ಎಸ್‌ಡಿ ಬೇಕು. ಆಟಕ್ಕಾದರೆ ದುಡ್ಡಿನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಒಂದೇ ಭಾಗದ ಮೇಲೆ ಎಲ್ಲ ದುಡ್ಡು ಸುರಿದು ಉಳಿದವುಗಳಲ್ಲಿ ಜುಗ್ಗತನ ಮಾಡಿದರೆ, ಆ ದುಬಾರಿ ಭಾಗ ಉಳಿದವುಗಳಿಗಾಗಿ ಕಾಯುತ್ತಾ ಕೂರುತ್ತದೆ.

ಇನ್ನು ಭಾಗಗಳ ನಡುವಿನ ಹೊಂದಿಕೆ. ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಎಎಮ್‌ಡಿಯ ಎಎಮ್5 ಸಾಕೆಟ್ 2022ರಲ್ಲಿ ಬಂತು. ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಕೆಲವು ಡಿಡಿಆರ್4 ತೆಗೆದುಕೊಳ್ಳುತ್ತವೆ, ಕೆಲವು ಡಿಡಿಆರ್5. ಎರಡೂ ಬಗೆಯ ರ‍್ಯಾಮ್ ಪಟ್ಟಿಗಳಲ್ಲಿ ಇರುವುದು 288 ಸಂಪರ್ಕಗಳೇ, ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ ಕೆಳಗಿನ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅಂಗಡಿಯಲ್ಲಿ ಎರಡು ನಿಮಿಷ ನಿಂತು ಪೆಟ್ಟಿಗೆಯ ಮೇಲಿನ ಅಕ್ಷರ ಓದಿದರೆ ಮರುದಿನ ಬಿಸಿಲಲ್ಲಿ ವಾಪಸ್ ಬರುವುದು ತಪ್ಪುತ್ತದೆ.

ಎಲ್ಲರೂ ಕಡೆಗಣಿಸುವ ಭಾಗ ಎಸ್‌ಎಂಪಿಎಸ್. ಅದು ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ, ವೇಗ ಹೆಚ್ಚಿಸುವುದಿಲ್ಲ, ಗೆಳೆಯರ ಮುಂದೆ ಹೇಳಿಕೊಳ್ಳಲೂ ಬರುವುದಿಲ್ಲ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಪ್ರತಿ ಭಾಗಕ್ಕೂ ಹದವಾಗಿ ಹಂಚುವುದಷ್ಟೇ ಅದರ ಕೆಲಸ. ಅದರಲ್ಲಿ ಏರುಪೇರಾದರೆ ಉಳಿದ ಭಾಗಗಳು ಎಷ್ಟೇ ಬೆಲೆಬಾಳಿದರೂ ಸುಖವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. 65 ವ್ಯಾಟಿನ ಪ್ರೊಸೆಸರ್, 115 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಒಳ್ಳೆಯ ತಯಾರಿಕೆಯ 550 ವ್ಯಾಟಿನ ಎಸ್‌ಎಂಪಿಎಸ್ ಧಾರಾಳವಾಯಿತು. ಅಲ್ಲಿ 1000 ವ್ಯಾಟಿನದು ದುಂದು. ಹೆಸರಿಲ್ಲದ ಅಗ್ಗದ ಪೆಟ್ಟಿಗೆ ಮಾತ್ರ ಅಪಾಯ. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಶಿಯನ್ ಕರೆಸಿ ನೋಡಿಸುವುದೂ ಈ ಲೆಕ್ಕದಲ್ಲೇ ಸೇರಬೇಕು. ಕಣ್ಣಿಗೆ ಕಾಣದೆ ಎಲ್ಲವನ್ನೂ ಹೊತ್ತು ನಿಂತಿರುವುದಕ್ಕೆ ಮೊದಲ ಮರ್ಯಾದೆ ಸಲ್ಲಬೇಕು.

ಎಲ್ಲ ಸಾಮಾನನ್ನೂ ತಂದು ಮೇಜಿನ ಮೇಲೆ ಹರಡಿದಾಗ ನನಗೆ ಪ್ರತಿ ಸಲವೂ ಒಂದು ಬೆರಗು. ಬೋರ್ಡು ಒಬ್ಬರದು, ರ‍್ಯಾಮ್ ಇನ್ನೊಬ್ಬರದು, ಕ್ಯಾಬಿನೆಟ್ ಮತ್ತೊಬ್ಬರದು. ಇವನ್ನು ಮಾಡಿದ ಕೈಗಳು ಬೇರೆ ಬೇರೆ ದೇಶದವು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮಾರುಕಟ್ಟೆಯಲ್ಲಿ ಈ ಕಂಪನಿಗಳು ಪೈಪೋಟಿಗೆ ಬಿದ್ದಿವೆ. ಆದರೂ ಬೋರ್ಡಿನ ತೂತು ಕ್ಯಾಬಿನೆಟ್ಟಿನ ಹಿತ್ತಾಳೆ ಗೂಟಗಳ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂರುತ್ತದೆ. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಎಂಬ ಅಳತೆಯನ್ನು ಎಲ್ಲರೂ ಒಪ್ಪಿಕೊಂಡರು: 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ, ಸ್ಕ್ರೂ ಬರುವ ಜಾಗ ಇಂಥಲ್ಲೇ ಎಂದು. ಅಂದಿನಿಂದ ಪ್ರೊಸೆಸರುಗಳ ತಲೆಮಾರುಗಳೇ ಕಳೆದುಹೋಗಿವೆ, ಆ ಅಳತೆ ಉಳಿದಿದೆ. ಪೈಪೋಟಿ ಎಷ್ಟೇ ಇರಲಿ, ಕೆಲವು ಅಳತೆಗಳನ್ನು ಎಲ್ಲರೂ ಸೇರಿ ಒಪ್ಪಿ, ಒಪ್ಪಿದ ಮೇಲೆ ಮುರಿಯದೆ ಉಳಿಸಿಕೊಂಡರೆ ಅಪರಿಚಿತರ ದುಡಿಮೆಯೂ ಒಂದಾಗಿ ಸೇರುತ್ತದೆ.

ಜೋಡಿಸುವಾಗ ಕೈಗೆ ಬೇರೊಂದು ವಿವೇಕ ಬೇಕು. ಪ್ರೊಸೆಸರನ್ನು ಸಾಕೆಟ್ಟಿನ ಮೇಲೆ ಇಡುವಾಗ ಸ್ವಲ್ಪವೂ ಒತ್ತಬಾರದು. ಮೂಲೆಯ ತ್ರಿಕೋನದ ಗುರುತು ಹೊಂದಿಸಿ ಬಿಟ್ಟರೆ ಅದು ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಒತ್ತಿದರೆ ಕೆಳಗಿನ ಸೂಜಿಯಂಥ ಪಿನ್ನುಗಳು ಬಾಗಿಹೋಗುತ್ತವೆ. ಅದೇ ಕೈ ಮರುಕ್ಷಣ ರ‍್ಯಾಮ್ ಪಟ್ಟಿಯನ್ನು ಹಿಡಿದಾಗ ಅಳುಕದೆ ಒತ್ತಬೇಕು. ಟಕ್ ಎಂದು ಕೊಂಡಿ ಬೀಳುವವರೆಗೂ ಅದು ಕೂತಂತಲ್ಲ. ಒಂದೇ ಬೋರ್ಡಿನ ಮೇಲೆ, ಒಂದು ಗೇಣಿನೊಳಗೆ, ಒಂದು ಕಡೆ ಬಲ ಹಾಕಬಾರದು, ಇನ್ನೊಂದು ಕಡೆ ಹಾಕಲೇಬೇಕು. ಎಲ್ಲಿ ಮೆತ್ತಗಿರಬೇಕು, ಎಲ್ಲಿ ಗಟ್ಟಿಯಾಗಬೇಕು ಎಂಬುದನ್ನು ಹೇಳುವುದು ಎದುರಿಗಿರುವ ವಸ್ತು. ನಮ್ಮ ಸ್ವಭಾವ ಏನೇ ಇದ್ದರೂ ಅಲ್ಲಿ ಅದಕ್ಕೆ ತಲೆಬಾಗಬೇಕು.

ಎಲ್ಲ ಜೋಡಿಸಿ ಸ್ವಿಚ್ ಒತ್ತಿದಾಗ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಈ ಕೆಲಸದ ನಿಜವಾದ ಪಾಠ ಶುರುವಾಗುವುದು ಆಗಲೇ. ಹಾಸನದಲ್ಲಿರುವ ನನ್ನ ಅಕ್ಕನ ಮಗ ತನ್ನ ಮೊದಲ ಕಂಪ್ಯೂಟರ್ ಜೋಡಿಸಿದ ರಾತ್ರಿ ವಿಡಿಯೊ ಕಾಲ್ ಮಾಡಿದ. ದನಿಯಲ್ಲಿ ಅಳು ಬಂದಂತಿತ್ತು.

“ಮಾವ, ಡಿಸ್‌ಪ್ಲೇ ಬರ್ತಿಲ್ಲ. ಮದರ್‌ಬೋರ್ಡೇ ಹೋಗಿದೆ ಅನ್ಸುತ್ತೆ. ಅಂಗಡಿಯವ್ರು ಕೆಟ್ಟಿರೋದನ್ನೇ ಕೊಟ್ಟಿದ್ದಾರೆ.”

“ಇರಲಿ ಕಣೋ, ಯಾರು ಏನು ಕೊಟ್ಟರು ಅಂತ ಆಮೇಲೆ ನೋಡೋಣ. ಫ್ಯಾನ್ ತಿರುಗ್ತಿದ್ಯಾ?”

“ತಿರುಗ್ತಿದೆ.”

“ಹಾಗಾದ್ರೆ ಕರೆಂಟು ಬೋರ್ಡಿನವರೆಗೆ ಬಂದಿದೆ. ಅಲ್ಲೀವರೆಗೆ ಸರಿಯಿದೆ. ಬೋರ್ಡಿನ ಅಂಚಲ್ಲಿ ನಾಲ್ಕು ಸಣ್ಣ ಲೈಟು ಇರುತ್ತೆ, ಕ್ಯಾಮೆರಾ ಅಲ್ಲಿಗೆ ಹಿಡಿ.”

ಅನೇಕ ಹೊಸ ಬೋರ್ಡುಗಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ನಾಲ್ಕು ದೀಪಗಳಿರುತ್ತವೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ಒಂದೊಂದಕ್ಕೂ ಹೆಸರು. ಯಂತ್ರ ಏಳುವಾಗ ತನ್ನ ಅಂಗಾಂಗಗಳನ್ನು ತಾನೇ ಒಂದಾದ ಮೇಲೊಂದು ಪರೀಕ್ಷಿಸಿಕೊಳ್ಳುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೂ ಈ ಪರೀಕ್ಷೆ ಇತ್ತು. ಎಲ್ಲ ಸರಿಯಿದ್ದರೆ ಅದು ಒಂದು ಸಲ ‘ಬೀಪ್’ ಎನ್ನುತ್ತಿತ್ತು. ಈಗ ಆ ಸದ್ದಿನ ಕೆಲಸವನ್ನು ದೀಪಗಳು ಮಾಡುತ್ತವೆ. ಪರೀಕ್ಷೆ ಎಲ್ಲಿ ನಿಂತಿತೋ ಆ ದೀಪ ಉರಿಯುತ್ತಾ ಉಳಿಯುತ್ತದೆ. ಅಕ್ಕನ ಮಗನ ಬೋರ್ಡಿನಲ್ಲಿ ಪ್ರೊಸೆಸರಿನ ದೀಪ ಹತ್ತಿ ಆರಿತು, ರ‍್ಯಾಮಿನ ದೀಪ ಆರಲಿಲ್ಲ.

ಪ್ಲಗ್ ತೆಗೆಸಿದೆ. ಎರಡೂ ರ‍್ಯಾಮ್ ಪಟ್ಟಿಗಳನ್ನು ಬಿಚ್ಚಿಸುವ ಮೊದಲು ಕ್ಯಾಮೆರಾ ಹತ್ತಿರ ತರಲು ಹೇಳಿದೆ. ಅವನ ಬೋರ್ಡಿನಲ್ಲಿ ಸ್ಲಾಟಿನ ಒಂದು ತುದಿಗೆ ಮಾತ್ರ ಕೊಂಡಿ ಇತ್ತು, ಇನ್ನೊಂದು ತುದಿ ಅಲುಗದ ಕಟ್ಟೆ. ಕೊಂಡಿಯ ಕಡೆ ಪಟ್ಟಿ ಸರಿಯಾಗಿ ಕೂತಿತ್ತು. ಕಟ್ಟೆಯ ಕಡೆ ಮಾತ್ರ, ಬಂಗಾರದ ಬಣ್ಣದ ಸಂಪರ್ಕಗಳು ಉಗುರಿನ ಅಂಚಿನಷ್ಟು ಮೇಲೆ ಕಾಣುತ್ತಿದ್ದವು. ಒಂದೇ ಪಟ್ಟಿ ಸಾಕು ಎಂದೆ. ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಸ್ಲಾಟಿನಲ್ಲಿಟ್ಟು, ಎರಡೂ ಹೆಬ್ಬೆರಳಿನಿಂದ ಎರಡೂ ತುದಿಯನ್ನು ಒತ್ತಿದ. ಫೋನಿನಲ್ಲೂ ಆ ಸದ್ದು ಕೇಳಿಸಿತು.

ಸ್ವಿಚ್ ಹಾಕಿದ. ಪರದೆ ಮತ್ತೆ ಕಪ್ಪು. ಅವನ ಕೈ ಸ್ವಿಚ್ಚಿನ ಕಡೆ ಹೋಗುವುದು ಕಂಡಿತು.

“ತಡಿಯೋ, ಆಫ್ ಮಾಡ್ಬೇಡ. ಹಾಗೇ ಬಿಡು.”

ಡಿಡಿಆರ್5 ರ‍್ಯಾಮಿನ ಜೊತೆ ಹೊಸ ಬೋರ್ಡು ಮೊದಲ ಸಲ ಏಳುವಾಗ, ಎಷ್ಟು ವೇಗದಲ್ಲಿ, ಎಷ್ಟು ಅಂತರದಲ್ಲಿ ಆ ರ‍್ಯಾಮಿನೊಂದಿಗೆ ವ್ಯವಹರಿಸಬೇಕು ಎಂದು ಅಳೆದು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಕೆಲವೊಮ್ಮೆ ಹಲವು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಕೆಟ್ಟಿದೆ ಎಂದು ನಡುವೆ ಆಫ್ ಮಾಡಿದರೆ ಆ ಕೆಲಸ ಮೊದಲಿನಿಂದ ಶುರುವಾಗಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ. ಅವನು ಕೈಕಟ್ಟಿ ಕೂತ. ಸ್ವಲ್ಪ ಹೊತ್ತಿನಲ್ಲಿ ಯಂತ್ರದ ಆರಂಭದ ಸೆಟ್ಟಿಂಗುಗಳಿರುವ ಬಯಾಸ್ ಪುಟ ಮೂಡಿತು. ಬೋರ್ಡೂ ಕೆಟ್ಟಿರಲಿಲ್ಲ, ಅಂಗಡಿಯವರೂ ಮೋಸ ಮಾಡಿರಲಿಲ್ಲ.

ಆ ಹುಡುಗ ಮೊದಲು ತನ್ನೊಳಗೇ ಕೇಳಿಕೊಂಡದ್ದು “ಯಾವುದು ಕೆಟ್ಟಿದೆ, ಯಾರು ಮಾಡಿದ್ದು” ಎಂದು. ನಮ್ಮೆಲ್ಲರ ಮೊದಲ ಪ್ರಶ್ನೆಯೂ ಅದೇ. ಆ ಪ್ರಶ್ನೆಗೆ ಉತ್ತರ ಹೊಳೆಯುವುದು ಬಲುಬೇಗ, ತಪ್ಪಾಗುವುದೂ ಅಷ್ಟೇ ಬೇಗ. ಕೈಪಳಗಿದ ಮೆಕ್ಯಾನಿಕ್‌ಗಳು ಅದನ್ನು ಕೇಳುವುದೇ ಇಲ್ಲ. ಎಲ್ಲಿಯವರೆಗೆ ಸರಿಯಿದೆ ಎಂದು ನೋಡುತ್ತಾ ಬರುತ್ತಾರೆ. ಗೋಡೆಯ ಪ್ಲಗ್ಗಿನಿಂದ ಎಸ್‌ಎಂಪಿಎಸ್, ಅಲ್ಲಿಂದ ಬೋರ್ಡು, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್ ಹೀಗೆ ಒಂದೊಂದೇ ಮೆಟ್ಟಿಲು. ಸರಿಯಿರುವ ಕೊನೆಯ ಮೆಟ್ಟಿಲು ಸಿಕ್ಕಿತೆಂದರೆ ದೋಷ ಅದರ ಮುಂದಿನದರಲ್ಲಿ ಇರಲೇಬೇಕು. ಹುಡುಕಾಟದ ಜಾಗ ಇಡೀ ಯಂತ್ರದಿಂದ ಒಂದು ಸ್ಲಾಟಿಗೆ ಇಳಿಯುತ್ತದೆ.

ಇದಕ್ಕೆ ಜೊತೆಯಾಗಿ ಅವರು ಪಾಲಿಸುವ ಇನ್ನೆರಡು ಕಟ್ಟಳೆಗಳಿವೆ. ಅಗತ್ಯವಿಲ್ಲದ್ದನ್ನೆಲ್ಲ ಬಿಚ್ಚಿಡುವುದು ಮೊದಲನೆಯದು. ಪ್ರೊಸೆಸರ್, ಅದರ ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟರಲ್ಲೇ ಯಂತ್ರ ಏಳುತ್ತದೆಯೇ ನೋಡುವುದು. ಎದ್ದರೆ ಒಂದೊಂದನ್ನೇ ಸೇರಿಸುತ್ತಾ ಹೋಗುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಎರಡನೆಯದು. ಕೇಬಲ್ ಬದಲಿಸಿ, ರ‍್ಯಾಮ್ ಬದಲಿಸಿ, ಬಯಾಸ್ ಅಪ್‌ಡೇಟ್ ಮಾಡಿ, ಎಲ್ಲವನ್ನೂ ಒಂದೇ ಏಟಿಗೆ ಮಾಡಿದರೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಸಂಶಯ ಬಂದ ಭಾಗವನ್ನು ಗೆಳೆಯರ ಯಂತ್ರದಲ್ಲಿ ಹಾಕಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಬಿಲ್ಲು ಹಿಡಿದು ವಾರಂಟಿಗೆ ಹೋಗಬೇಕು.

ಎದ್ದ ಯಂತ್ರದಲ್ಲೂ ಲಕ್ಷಣಗಳು ಮಾತಾಡುತ್ತವೆ. ಪ್ರತಿ ಬೆಳಿಗ್ಗೆ ತಾರೀಖು ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿರುವ ಸಿಆರ್ 2032 ಎಂಬ ಮೂರು ವೋಲ್ಟಿನ ಬಿಲ್ಲೆ ಸೆಲ್ ಮುಗಿಯುತ್ತಾ ಬಂದಿದೆ. ಹೊಸ ಯಂತ್ರ ಕೊಂಚ ಹೊತ್ತಿಗೇ ಕಾದು ಆಫ್ ಆಗುತ್ತಿದ್ದರೆ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೇವೆಯೇ ನೋಡಬೇಕು. ಭಾರದ ಕೆಲಸ ಕೊಟ್ಟಾಗ ಮಾತ್ರ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಮೇಲೆ ಕಣ್ಣಿಡಬೇಕು. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಎಲ್ಲಿ ಕೈ ತಡೆಯಬೇಕು ಎಂದು ಅರಿಯುವುದೂ ಕಲಿಕೆಯ ಭಾಗವೇ.

ಯಂತ್ರಕ್ಕೆ ತೋರಿಸುವ ಈ ನ್ಯಾಯವನ್ನು ನಾವು ಮನುಷ್ಯರಿಗೆ ತೋರಿಸುತ್ತೇವೆಯೇ? ಮಗಳ ಮಾರ್ಕ್ಸ್ ಕಡಿಮೆ ಬಂದಿದೆ ಎಂದುಕೊಳ್ಳಿ. ಅದೇ ವಾರ ಟ್ಯೂಷನ್ ಬದಲಾಗುತ್ತದೆ, ಮೊಬೈಲ್ ಬೀರುವಿಗೆ ಹೋಗುತ್ತದೆ, ಆಟ ನಿಲ್ಲುತ್ತದೆ, ಬೆಳಗಿನ ಐದಕ್ಕೆ ಅಲಾರಂ ಇಡುತ್ತೇವೆ. ಯಾರ ತಪ್ಪು ಎಂಬ ಮಾತು ಅಡುಗೆಮನೆಯಿಂದ ಶಾಲೆಯವರೆಗೂ ಓಡಾಡುತ್ತದೆ. ಆ ಮಗುವಿಗೆ ಏನು ತಿಳಿದಿದೆ, ಯಾವ ಪಾಠದವರೆಗೆ ಸಲೀಸಾಗಿ ಬಂದಿದೆ, ಯಾವುದರಲ್ಲಿ ಕಾಲು ಎಡವಿತು ಎಂದು ಪಕ್ಕದಲ್ಲಿ ಕೂತು ನೋಡಿದವರು ಯಾರು? ಭಿನ್ನರಾಶಿಯವರೆಗೆ ಎಲ್ಲ ಸರಿಯಿದ್ದು, ಅಲ್ಲೊಂದು ಹೆಜ್ಜೆ ಪೂರ್ತಿ ಕೂತಿಲ್ಲದಿರಬಹುದು. ಅಥವಾ ಅವಳು ಸುಮ್ಮನಿರುವುದು ಕಲಿಯುತ್ತಿರುವ ಕಾರಣಕ್ಕೇ ಇರಬಹುದು.

ಇವತ್ತಿನ ದಿನದಲ್ಲೂ ಏನಾದರೊಂದು ನಡೆಯದೆ ನಿಂತೀತು. ಕಚೇರಿಯ ಕಡತವಿರಬಹುದು, ಮನೆಯ ಮಾತುಕತೆ ಇರಬಹುದು. ಯಾರನ್ನಾದರೂ ದೂರುವ ಮೊದಲು, ಕೆಡದೆ ಉಳಿದಿರುವುದು ಎಷ್ಟು ಎಂದು ಮೊದಲ ಮೆಟ್ಟಿಲಿನಿಂದ ಎಣಿಸುತ್ತಾ ಬರೋಣ. ಮುಂದಿನ ಮೆಟ್ಟಿಲು ಕಂಡ ಮೇಲೆ ಅಲ್ಲಿ ಒಂದನ್ನೇ ಒಂದನ್ನು ಬದಲಿಸಿ, ಫಲ ಕಾಣಲು ಅದಕ್ಕೆ ಬೇಕಾದಷ್ಟು ಹೊತ್ತು ಕೊಡೋಣ.