ಜೇನಿನ ಬೇಲಿ ಮತ್ತು ರೈತನ ಹಕ್ಕು

ಸತ್ಯವಿಶ್ವಾಸಿಯೊಬ್ಬನು ನೆಟ್ಟ ಗಿಡದಿಂದ, ಬಿತ್ತಿದ ಬೆಳೆಯಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಮಾತನ್ನು ನೀವು ಸಭೆಗಳಲ್ಲಿ ಎಷ್ಟೋ ಸಲ ಕೇಳಿರಬಹುದು. ಆದರೆ ಕೊಯ್ಲಿಗೆ ವಾರವಿರುವಾಗ ಆನೆಯ ಹಿಂಡು ಒಂದೇ ರಾತ್ರಿಯಲ್ಲಿ ಗದ್ದೆ ತುಳಿದು ಹೋದ ಕೊಡಗಿನ ರೈತನ ಮುಂದೆ ಇದನ್ನು ಹೇಳಲು ನಿಮಗೆ ಬಾಯಿ ಬರುತ್ತದೆಯೇ? ದಾನದ ಪುಣ್ಯವಿದೆಯೆಂದು ಆತ ಆನೆಯನ್ನು ತಡೆಯಲೇ ಬಾರದೇ?

ಖಂಡಿತ ತಡೆಯಬಹುದು. ಪ್ರಾಣ ಮತ್ತು ಸೊತ್ತಿನ ರಕ್ಷಣೆಗೆ ಶರೀಅತ್ ಅವಕಾಶ ನೀಡಿದೆ. ಆದರೆ ಕರ್ಮಶಾಸ್ತ್ರ ವಿದ್ವಾಂಸರು ಅದಕ್ಕೊಂದು ಅಳತೆ ಇಟ್ಟಿದ್ದಾರೆ. ಮೇಲೆರಗಿ ಬರುವುದನ್ನು ಸಾಧ್ಯವಾದಷ್ಟು ಹಗುರವಾದ ಮಾರ್ಗದಿಂದ ತಡೆಯಬೇಕು. ಬೊಬ್ಬೆ ಹಾಕಿದರೆ ಓಡುವ ಪ್ರಾಣಿಯನ್ನು ಹೊಡೆಯುವಂತಿಲ್ಲ, ಹೊಡೆದರೆ ಹೋಗುವುದನ್ನು ಕೊಲ್ಲುವಂತಿಲ್ಲ. ಕದ್ದುಮುಚ್ಚಿ ಬೇಲಿಗೆ ವಿದ್ಯುತ್ ಹರಿಸುವವನು ಮೊದಲ ಹೆಜ್ಜೆಯಲ್ಲೇ ಕೊಲ್ಲಲು ಹೊರಟಿದ್ದಾನೆ. ಆ ತಂತಿಗೆ ನೆರೆಯವನ ದನವೂ, ಮಗುವೂ ಬಲಿಯಾದೀತು.

ಹಾಗಾದರೆ ಹಗುರವಾದ ಮಾರ್ಗ ಯಾವುದು? ಜೇನಿನ ಝೇಂಕಾರದ ಧ್ವನಿಮುದ್ರಣ ಕೇಳಿದರೂ ಸಾಕು, ಆನೆಗಳು ಹಿಂದೆ ಸರಿಯುತ್ತವೆಂದು ಸಂಶೋಧಕಿ ಲೂಸಿ ಕಿಂಗ್ ಮತ್ತು ಸಂಗಡಿಗರು ಕೀನ್ಯಾದಲ್ಲಿ ಕಂಡುಕೊಂಡು 2007ರಲ್ಲಿ ಪ್ರಕಟಿಸಿದರು. ಅದರಿಂದ ಹುಟ್ಟಿದ್ದು ಜೇನಿನ ಬೇಲಿ. ಹೊಲದ ಸುತ್ತ 10 ಮೀಟರಿಗೊಂದರಂತೆ ಪೆಟ್ಟಿಗೆ ತೂಗುಹಾಕಿ ತಂತಿಯಿಂದ ಜೋಡಿಸುತ್ತಾರೆ. ಆನೆ ತಂತಿಯನ್ನು ದೂಡಿದರೆ ಪೆಟ್ಟಿಗೆಗಳು ಅಲುಗಾಡಿ ನೊಣಗಳು ಹೊರಬೀಳುತ್ತವೆ. ಚರ್ಮ ಎಷ್ಟೇ ದಪ್ಪವಿರಲಿ, ಕಣ್ಣಿನ ಸುತ್ತಲೂ ಸೊಂಡಿಲಿನೊಳಗೂ ಕಚ್ಚಿದರೆ ಆನೆಗೂ ತಡೆಯಲಾಗದು. ನೋವು ತಿಂದು ಹೋಗುತ್ತದೆ, ಸಾಯುವುದಿಲ್ಲ. ಅಲ್ಲಿನ ಸಗಲ್ಲಾದಲ್ಲಿ ಒಂಬತ್ತು ವರ್ಷ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೆಳೆಯ ಕಾಲದಲ್ಲಿ ಬೇಲಿಯ ಬಳಿ ಬಂದ ಆನೆಗಳಲ್ಲಿ ಶೇ. 86ರವರೆಗೂ ಒಳನುಗ್ಗದೆ ಹಿಂದಿರುಗಿದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರಲ್ಲಿ ಕೊಡಗಿನಲ್ಲೂ ಈ ಪ್ರಯೋಗ ಆರಂಭಿಸಿತು. ನಮ್ಮ ತುಡುವೆ ಜೇನು ಆಫ್ರಿಕದ ಜೇನಿನಷ್ಟು ಮುಂಗೋಪಿಯಲ್ಲ. ಆದ್ದರಿಂದ ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಬೆಟ್ಟಗಳಲ್ಲಿ, ಮರಗಳಲ್ಲಿ, ಮನುಷ್ಯರು ಕಟ್ಟಿಕೊಟ್ಟದ್ದರಲ್ಲಿ ಗೂಡು ಮಾಡುವಂತೆ ಅಲ್ಲಾಹನೇ ಜೇನಿಗೆ ಬೋಧಿಸಿದನೆಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿದೆ. ಎಂದರೆ ಅದು ನಮ್ಮ ಪೆಟ್ಟಿಗೆಗೆ ಬರುವುದು ಅವನ ಅಪ್ಪಣೆಯಿಂದ, ನಮ್ಮ ಕಾವಲು ಕಾಯಲೆಂದಲ್ಲ. ಹೂವು, ನೀರು ಇಲ್ಲದಿದ್ದರೆ ಬಿಟ್ಟು ಹೋಗುತ್ತದೆ. 2017ರ ಬರದ ಬಳಿಕ ಸಗಲ್ಲಾದ ಹೆಚ್ಚಿನ ಪೆಟ್ಟಿಗೆಗಳು ಬರಿದಾದವು.

ಇನ್ನು ಖರ್ಚಿನ ಮಾತು. ಪೆಟ್ಟಿಗೆ, ತಂತಿ, ಆರೈಕೆ ಎಲ್ಲವನ್ನೂ ಕಾಡಂಚಿನ ಬಡ ರೈತನ ತಲೆಗೆ ಕಟ್ಟಿ, ಪೇಟೆಯಲ್ಲಿ ಕುಳಿತು ಪ್ರಾಣಿದಯೆ ಬೋಧಿಸುವುದು ನ್ಯಾಯವಲ್ಲ. ಆನೆ ಉಳಿಯಲೆಂದು ಬಯಸುವ ನೀವೂ ಅದರಲ್ಲಿ ಪಾಲು ಹೊರಬೇಕು. ಅಂಥ ಊರುಗಳ ಜಮಾಅತ್‌ಗಳು ಸದಕಾ ಹಣದಿಂದ ನಾಲ್ಕಾರು ಪೆಟ್ಟಿಗೆ ಕೊಡಿಸಬಹುದು. ರೈತ ಯಾವ ಧರ್ಮದವನೆಂದು ಕೇಳಬೇಕಾಗಿಲ್ಲ, ಜೇನು ಸಾಕಲು ಅವನಿಗೆ ಬರುತ್ತದೆಯೇ ಎಂದು ಮಾತ್ರ ಕೇಳಿ.